ಮೇಲಿನ ಚೀಟಿ

ಲೋಟ ಹಿಡಿದ ಅಕ್ಕನ ಕೈಯಲ್ಲಿ ನಾಲ್ಕು ಬೆರಳು ಮಡಚಿಕೊಂಡಿವೆ, ಕಿರುಬೆರಳು ಮಾತ್ರ ಮಡಚಿಕೊಂಡಿಲ್ಲ, ಲೋಟಕ್ಕೂ ತನಗೂ ಸಂಬಂಧವೇ ಇಲ್ಲವೆನ್ನುವ ಹಾಗೆ ಹೊರಗೆ ನೆಟ್ಟಗೆ ನಿಂತಿದೆ, ಚಹಾದ ಹಬೆ ಅದನ್ನು ಸವರಿಕೊಂಡು ಮೇಲೆ ಹೋಗುತ್ತಿದೆ, ಎಷ್ಟು ನಾಜೂಕಾಗಿ ಲೋಟ ಹಿಡೀತಾಳೆ ನೋಡಿ ನಿಮ್ಮ ದೊಡ್ಡ ಮಗಳು, ಅರಮನೇಲಿ ಬೆಳೆದವಳ ಹಾಗೆ, ಎಂದು ಪಂಚಾಯಿತಿಗೆ ಬಂದಿರುವ ನಿಘಂಟು ಸಾಹೇಬರು ನಕ್ಕರು, ಅಪ್ಪನೂ ನಕ್ಕ, ಭಾವನಂತೂ ಒಸಡು ಕಾಣುವಷ್ಟು ನಕ್ಕ — ನಾಜೂಕಂತೆ, ಈ ಮನುಷ್ಯ ಒಂದು ಪದಕ್ಕೆ ಹದಿನೇಳು ಅರ್ಥ ಹುಡುಕಬಲ್ಲ, ಕಣ್ಣೆದುರಿಗಿರುವ ಬೆರಳಿಗೆ ಒಂದೇ ಒಂದು ಅರ್ಥ ಹುಡುಕಲಾರ. ಆ ಬೆರಳಿಗೆ ಅರ್ಥ ಹೇಳಿದವರು ಈ ಎರಡು ತಿಂಗಳಲ್ಲಿ ಕಡಿಮೆಯೇನಲ್ಲ, ಬಾಗಿಲ ಸಂದಿಗೆ ಸಿಕ್ತು ಅಂದ ಭಾವ, ಹೂಂ ಬಾಗಿಲ ಸಂದಿಗೆ ಅಂದಳು ಅಕ್ಕ, ನಸೀಬು ಅಂದಳು ಅಮ್ಮ, ಮೂಳೆ ಎರಡು ಕಡೆ ಮುರಿದಿದೆ, ತಡವಾಗಿ ಬಂದಿದ್ದೀರ, ಇನ್ನು ಮಡಚಕ್ಕೆ ಬರಲ್ಲ ಅಂದಳು ಆಸ್ಪತ್ರೆಯ ಡಾಕ್ಟರಮ್ಮ, ಅಂದು ಕನ್ನಡಕ ತೆಗೆದು ಅಕ್ಕನ ಮುಖ ನೋಡಿ, ಬಾಗಿಲು ಎರಡು ಸಲ ಮುಚ್ಚಿತಾ ಅಂತ ಕೇಳಿದಳು, ಅಕ್ಕ ಗೋಡೆಯ ಮೇಲಿನ ಲಸಿಕೆಯ ಪಟವನ್ನು ಓದುತ್ತಾ ಕೂತಳು, ಜೊತೆಗೆ ಹೋಗಿದ್ದ ತಂಗಿಯೂ ಅದನ್ನೇ ಓದಿದಳು, ಇಬ್ಬರೂ ಆ ಪಟವನ್ನು ಬಾಯಿಪಾಠ ಮಾಡಿಕೊಂಡು ಮನೆಗೆ ಬಂದರು. ಅಪ್ಪನಿಗೆ ಗೊತ್ತಿರುವುದು ಬಾಗಿಲೊಂದೇ. ಆ ಬಾಗಿಲಿನ ಜೊತೆಗೇ, ಭಾವನ ಮನೆಗೆ, ಅಕ್ಕ ವಾಪಸು ಹೋಗಬೇಕಂತೆ, ಇವತ್ತೇ, ಐದೂವರೆ ಬಸ್ಸಿಗೆ, ಚೀಲ ಕಟ್ಟಿ ಬಾಗಿಲ ಬಳಿ ಇಟ್ಟಾಗಿದೆ, ಒಂದು ಒಪ್ಪಂದದ ಕಾಗದ ಬರೆದು ಅಕ್ಕ ಸಹಿ ಹಾಕಿಬಿಟ್ಟರೆ ಮುಗಿಯಿತು, ಕಾಗದ ಬರೆಯಲು ಮನೆಯಲ್ಲೇ ಮುತ್ತಿನಂಥ ಅಕ್ಷರದ ತಂಗಿ ಇದ್ದಾಳಲ್ಲ, ಅಪ್ಪ ಬಟ್ಟೆ ಕತ್ತರಿಸುವ ಮೇಜನ್ನು ಒರೆಸಿ ಅವಳಿಗೆ ಒಂದು ಮೂಲೆ ಬಿಟ್ಟುಕೊಟ್ಟಿದ್ದಾನೆ, ಸೀಮೆಸುಣ್ಣದ ಪುಡಿ ಇನ್ನೂ ಮೊಣಕೈಗೆ ಅಂಟುತ್ತಿದೆ, ತೋಳಿಲ್ಲದ ಎರಡು ಕೋಟು ಗೋಡೆಗೆ ತೂಗುಬಿದ್ದು ಪಂಚಾಯಿತಿ ನೋಡುತ್ತಿವೆ, ಅವಳ ಹಾಗೆಯೇ, ಬಾಯಿಲ್ಲದೆ.

ನಿಘಂಟು ಎನ್ನುವುದು ಅವರ ಆಫೀಸಿನ ಮಹಡಿಯ ಕೆಳಗಿನ ಕಾಗದದಂಗಡಿಯವನು ಇಟ್ಟ ಹೆಸರು, ಅವರಿಗೆ ಬೇರೆ ಹೆಸರಿದೆ, ಹೆಸರಿನ ಹಿಂದೆ ಮುಂದೆ ಬಾಲಂಗೋಚಿಯ ಹಾಗೆ ಬಿರುದುಗಳಿವೆ, ಕುರ್‌ಆನಿನ ಪದಗಳಿಗೆಲ್ಲ ಅರ್ಥಕೋಶ ಬರೆಯುತ್ತಿರುವ ದೊಡ್ಡ ವಿದ್ವಾಂಸರು, ಹನ್ನೊಂದು ವರ್ಷದಿಂದ ಬರೆಯುತ್ತಲೇ ಇದ್ದಾರೆ, ಅವಳು ಅಲ್ಲಿ ನಕಲು ತೆಗೆಯುವವಳು, ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟವಳನ್ನು ಯಾಕೆ ಇಟ್ಟುಕೊಂಡಿರಿ ಎಂದು ಯಾರೋ ಕೇಳಿದ್ದಕ್ಕೆ ಅವಳ ಎದುರಿಗೇ ಹೇಳಿದ್ದರು, ಓದಿದೋರು ವಾದ ಮಾಡ್ತಾರಪ್ಪ, ಇವಳು ಬರೀತಾಳೆ. ಬರೆದಳು, ಆರು ವರ್ಷ ಬರೆದಳು, ಬರೆಯುವವಳು ಓದುತ್ತಲೂ ಇರುತ್ತಾಳೆ ಎನ್ನುವುದು ಅಷ್ಟು ದೊಡ್ಡ ತಲೆಗೆ ಹೊಳೆಯಲೇ ಇಲ್ಲ, ಮೇಜು ಕುರ್ಚಿ ಇವಳು ಎಲ್ಲ ಒಂದೇ ಸಾಮಾನು ಅಂದುಕೊಂಡರೋ ಏನೋ. ಹಳೇ ಔಷಧಿ ಅಂಗಡಿಯಿಂದ ತಂದ ಡ್ರಾಯರುಗಳು ಗೋಡೆ ತುಂಬ, ಕೆಲವದರ ಮೇಲೆ ಜ್ವರ, ಕೆಮ್ಮು, ಹೊಟ್ಟೆನೋವು ಎಂಬ ಕಾಗದ ಇನ್ನೂ ಕಿತ್ತು ಬಂದಿಲ್ಲ, ಒಳಗೆ ಪದಗಳು, ಒಂದು ಪದಕ್ಕೆ ಒಂದು ಕಟ್ಟು, ಒಂದು ಅರ್ಥಕ್ಕೆ ಒಂದು ಚೀಟಿ, ಯಾವ ಅಧ್ಯಾಯದ ಯಾವ ವಾಕ್ಯದಲ್ಲಿ ಆ ಅರ್ಥ ಬರುತ್ತದೆ ಎಂದು ಚೀಟಿಯ ಮೇಲೆ ಬರೆದಿರುತ್ತದೆ, ಕಟ್ಟಿಗೆ ದಾರ, ಎಲ್ಲಕ್ಕಿಂತ ಮೇಲಿನ ಚೀಟಿಗೆ ಗುಂಡುಪಿನ್ನು, ಆ ಮೇಲಿನ ಚೀಟಿಯ ಅರ್ಥ ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಹೋಗಬೇಕು, ಮಿಕ್ಕವು ಕೆಳಗೆ ಇರುವೆಸಾಲಿನಲ್ಲಿ, ಕನ್ನಡಕವಿದ್ದವರು ಓದಿದರೆ ಓದಿಕೊಳ್ಳಲಿ. ಒಮ್ಮೆ ಪಿನ್ನು ಉದುರಿದ್ದ ಕಟ್ಟನ್ನು ಹಾಗೇ ನಕಲು ಮಾಡಿ ನಲವತ್ತು ಹಾಳೆ ಮತ್ತೆ ಬರೆಯಬೇಕಾಯಿತು, ಅವತ್ತಿನಿಂದ ನಿಯಮ, ಪದ ಶುರು ಮಾಡುವ ಮುಂಚೆ ಗಟ್ಟಿಯಾಗಿ ಕೇಳಬೇಕು, ಮೇಲಿನ ಚೀಟಿ ಯಾವುದು, ಅವರು ಒಳಗಿನ ಕೋಣೆಯಿಂದ ನಂಬರು ಕೂಗಬೇಕು, ಮೂರು, ಏಳು, ಒಂದು, ಆಮೇಲೆ ಪೆನ್ನು ಕಾಗದಕ್ಕೆ ತಾಗಬೇಕು, ದಿನಕ್ಕೆ ಹತ್ತು ಸಲ, ಆರು ವರ್ಷ, ಈಗೀಗ ಮನೆಯಲ್ಲಿ ಸಾಮಾನಿನ ಪಟ್ಟಿ ಬರೆಯುವಾಗಲೂ ಅವಳ ತುಟಿ ಆ ಪ್ರಶ್ನೆಗೆ ಅಲ್ಲಾಡುತ್ತದೆ, ಅಮ್ಮ ನಗುತ್ತಾಳೆ.

ಮೊದಮೊದಲು ಎಷ್ಟು ಸಂತೋಷವಿತ್ತು, ನಗಬೇಕು ಅನ್ನಿಸುತ್ತದೆ ಈಗ, ಅಜ್ಜಿ ಪುಸ್ತಕವನ್ನು ಎತ್ತರದ ಪೀಠದ ಮೇಲಿಟ್ಟು ಅಕ್ಷರದ ಮೇಲೆ ಕಡ್ಡಿ ಓಡಿಸುತ್ತಾ ಓದಿಸುತ್ತಿದ್ದಳು, ಅರ್ಥ ಅಜ್ಜಿಗೂ ಗೊತ್ತಿರಲಿಲ್ಲ, ಓದು ಮಗಾ, ಅದಕ್ಕೆ ನೀನು ಗೊತ್ತು, ಅಷ್ಟು ಸಾಕು ಎನ್ನುತ್ತಿದ್ದಳು, ಆ ಪದಗಳು ಇಲ್ಲಿ ದಾರ ಬಿಚ್ಚಿ ಕೈಗೆ ಬಂದಾಗ ಒಂದೊಂದೂ ಕೋಣೆಯೊಳಗೆ ಕೋಣೆಯಿರುವ ಮನೆಯ ಹಾಗೆ ಕಂಡಿತು, ಒಬ್ಬರಿಗೆ ಹಿಡಿಸದಷ್ಟು ದೊಡ್ಡದು, ಪದಕ್ಕೆ ಹಲವು ಅರ್ಥವಿರುವುದು ತಪ್ಪೇನು, ಅದು ದೊಡ್ಡ ಮನಸ್ಸು, ತಪ್ಪು ಇರುವುದು ಬಾಗಿಲಲ್ಲಿ ಕೂತು ನೀನು ಈ ಕೋಣೆಗೆ ಹೋಗು ನೀನು ಆ ಕೋಣೆಗೆ ಹೋಗು ಎನ್ನುವ ಗಡ್ಡದಲ್ಲಿ. ಬಿಟ್ಟ ಹೆಂಡತಿ ಮರುಮದುವೆಗೆ ಮುಂಚೆ ಮೂರು ಕುರೂ ಕಾಯಬೇಕು ಎಂಬ ವಾಕ್ಯ, ಕುರೂ ಎಂದರೆ ಮುಟ್ಟು ಎಂದು ಒಂದು ಪಂಥದವರು, ಅಲ್ಲ, ಎರಡು ಮುಟ್ಟಿನ ನಡುವಿನ ಶುದ್ಧದ ದಿನಗಳು ಎಂದು ಇನ್ನೊಂದು ಪಂಥದವರು, ಸಾವಿರ ವರ್ಷಕ್ಕೂ ಮೇಲೆ ವಾದ, ಅಷ್ಟು ವರ್ಷದ ಚೀಟಿಗಳನ್ನು ನಕಲು ಮಾಡಿದಳು, ಒಂದಾದರೂ ಚೀಟಿಯಲ್ಲಿ ಯಾವಳಾದರೂ ಒಬ್ಬಳನ್ನು ಕೇಳಿದ್ದೇವೆ ಎಂದು ಬರೆದಿರಲಿಲ್ಲ, ಬಚ್ಚಲಲ್ಲಿ ಬಟ್ಟೆ ಒಗೆಯುತ್ತಾ ಅದನ್ನು ಅಕ್ಕನಿಗೆ ಹೇಳಿ ಇಬ್ಬರೂ ಬಕೆಟ್ಟಿನ ಮೇಲೆ ಬಿದ್ದು ನಕ್ಕಿದ್ದರು, ಆಗ ಅಕ್ಕನ ಕೈಯಲ್ಲಿ ಐದೂ ಬೆರಳು ಮಡಚುತ್ತಿದ್ದವು, ಬಟ್ಟೆ ಹಿಂಡುತ್ತಿದ್ದಳು. ಆಮೇಲೆ ನುಶೂಝ್ ಬಂತು, ಹೆಂಡತಿಯ ಬಗ್ಗೆ ಹೇಳಿರುವ ವಾಕ್ಯದಲ್ಲಿ ಅದಕ್ಕೆ ಮೇಲಿನ ಚೀಟಿ ಅವಿಧೇಯತೆ, ಅದೇ ಅಧ್ಯಾಯದಲ್ಲಿ ಮುಂದೆ ಗಂಡನ ಬಗ್ಗೆ ಹೇಳುವಾಗ ಅದೇ ಪದ, ಅಲ್ಲಿ ಮೇಲಿನ ಚೀಟಿ ಉಪೇಕ್ಷೆ, ಒಂದೇ ಕಟ್ಟಿಗೆ ಎರಡು ಪಿನ್ನು, ಅವಳು ಮಾಡಿದರೆ ಎದುರು ನಿಲ್ಲುವುದು, ಅವನು ಮಾಡಿದರೆ ಪಾಪ ಸ್ವಲ್ಪ ಮರೆವು, ಎರಡು ನಂಬರು ಯಾಕೆ ಎಂದು ಕೇಳಲು ಬಾಯಿ ತೆರೆದಿದ್ದಳು, ಕೆಮ್ಮು ಬಂದಂತೆ ಮಾಡಿ ಮುಚ್ಚಿಕೊಂಡಳು. ಆಮೇಲೆ ದರಬ, ಹೆಂಡತಿಯ ಆ ವಾಕ್ಯದ್ದೇ, ಹದಿನೇಳು ಚೀಟಿಯ ಕಟ್ಟು, ಹೆಂಡತಿಗೆ ಮೊದಲು ಬುದ್ಧಿ ಹೇಳಿ, ಆಮೇಲೆ ಹಾಸಿಗೆಯಲ್ಲಿ ದೂರವಿರಿ, ಆಮೇಲೆ ಈ ಪದ — ಬೇರೆ ಬೇರೆ ಕಡೆ ಅದರ ಅರ್ಥ ಉದಾಹರಣೆ ಕೊಡುವುದು, ಊರು ಬಿಟ್ಟು ಪ್ರಯಾಣ ಹೊರಡುವುದು, ಗೋಡೆ ಎಬ್ಬಿಸುವುದು, ಕಡಲಲ್ಲಿ ದಾರಿ ತೆರೆಯುವುದು, ಗುಹೆಯಲ್ಲಿ ಮಲಗಿದವರ ಕಿವಿಗೆ ನಿದ್ದೆಯ ಪರದೆ ಎಳೆಯುವುದು, ಮತ್ತೆ ಹೊಡೆಯುವುದೂ ಹೌದು, ಅದು ಮೂರನೆಯ ಚೀಟಿ, ಗಾಯವಾಗದಂತೆ, ಹಲ್ಲುಜ್ಜುವ ಕಡ್ಡಿಯಷ್ಟರಿಂದ ಎಂದು ಹಳೆಯ ಟೀಕಾಕಾರರ ಮಾತು ಅದರ ಬೆನ್ನ ಮೇಲೆ, ಪ್ರವಾದಿಯವರು ಯಾವತ್ತೂ ಹೆಣ್ಣಿನ ಮೇಲೆ ಕೈ ಎತ್ತಲಿಲ್ಲ ಎಂಬುದು ಅದಕ್ಕೆ ಅಂಟಿಸಿದ ಇನ್ನೊಂದು ತುಂಡಿನಲ್ಲಿ, ಮತ್ತೆ ಹದಿನಾರು, ಬಿಟ್ಟು ದೂರ ಸರಿಯುವುದು, ಹಳಬರು ಒಪ್ಪುವುದಿಲ್ಲ, ಈಗಿನವರು ಕೆಲವರು ಒಪ್ಪುತ್ತಾರೆ ಎಂದು ಪೆನ್ಸಿಲಿನಲ್ಲಿ. ಅವಳು ನೋಡಿದ್ದು ಅರ್ಥವನ್ನಲ್ಲ, ತೂತನ್ನು. ಮೂರರ ನೆತ್ತಿಯಲ್ಲಿ ಪಿನ್ನಿನ ಒಂಬತ್ತು ತೂತು, ಹದಿನಾರರ ನೆತ್ತಿಯಲ್ಲಿ ಎಂಟು, ಮಿಕ್ಕ ಚೀಟಿಗಳ ನೆತ್ತಿ ನುಣ್ಣಗೆ.

ಕನ್ನಡಕದ ಹೆಂಗಸರು, ಕ್ಯಾಮೆರಾದವರು, ಹೂದಾನಿ ಇದ್ದ ದೊಡ್ಡ ಸಭೆ, ನಿಘಂಟುವಿನ ಚೀಲ ಹಿಡಿದು ಕೊನೆಯ ಸಾಲಿನಲ್ಲಿ ಅವಳೂ ಕೂತಿದ್ದಳು, ಅವತ್ತು ಹದಿನಾರು ಮೇಲಿತ್ತು, ದೂರ ಸರಿಯಿರಿ ಎಂದಷ್ಟೇ ದೇವರು ಹೇಳಿದ್ದಾನೆ, ಕೈ ಎತ್ತಿ ಎಂದಿಲ್ಲ ಎಂದು ಹೇಳಿದರು, ಚಪ್ಪಾಳೆಯೋ ಚಪ್ಪಾಳೆ, ಅವಳೂ ಚಪ್ಪಾಳೆ ತಟ್ಟಿದಳು, ಚೀಲ ತೊಡೆಯಿಂದ ಜಾರಿ ಬಿತ್ತು, ಮರುದಿನ ಪೇಪರಿನಲ್ಲಿ ಬಂದದ್ದನ್ನು ಅಪ್ಪ ಕತ್ತರಿಸಿ ಹೊಲಿಗೆ ಯಂತ್ರದ ಮೇಲಿನ ಗೋಡೆಗೆ ಚುಚ್ಚಿದ, ನನ್ನ ಮಗಳು ಇವರ ಹತ್ರ ಕೆಲಸ ಮಾಡೋದು ಎಂದು ಬಂದ ಗಿರಾಕಿಗೆಲ್ಲ ತೋರಿಸಿದ, ಅದು ಅಲ್ಲಿಯೇ ಇದೆ, ಈಗಲೂ, ನಿಘಂಟುವಿನ ತಲೆಯ ಹಿಂದೆ. ಎರಡು ದಿನಕ್ಕೆ ಪುಸ್ತಕ ಅಚ್ಚು ಹಾಕಿಸುವ ಹಿರಿಯರು ಮಹಡಿ ಹತ್ತಿ ಬಂದರು, ಏದುಸಿರು ಬಿಡುತ್ತಾ, ಇದೇನು ಹೊಸ ರಾಗ ಎಂದರು, ಅವರು ಇಳಿದು ಹೋಗುವಷ್ಟರಲ್ಲಿ ಪಿನ್ನು ಮೂರರ ಮೇಲಿತ್ತು. ಹೀಗೆ ಒಂಬತ್ತು, ಹೀಗೆ ಎಂಟು, ಬಂದವರ ಚಪ್ಪಲಿ ನೋಡಿ ಅರ್ಥ ಹೇಳುವ ವಿದ್ಯೆ, ಇದಕ್ಕೆ ಹನ್ನೊಂದು ವರ್ಷ ಬೇಕೇ, ಹೋಟೆಲಿನ ಮಾಣಿ ಹನ್ನೊಂದು ದಿನದಲ್ಲಿ ಕಲಿಯುತ್ತಾನೆ. ಅಪ್ಪನೂ ಪಿನ್ನು ಚುಚ್ಚುವವನೇ, ಬಾಯಿಯಲ್ಲಿ ನಾಲ್ಕು ಪಿನ್ನು ಕಚ್ಚಿಕೊಂಡು ಅಳತೆ ನೋಡುತ್ತಾನೆ, ಆದರೆ ಅಪ್ಪ ಚುಚ್ಚಿದ ಕಡೆಯೇ ಹೊಲಿಗೆ ಬೀಳುತ್ತದೆ, ಯಾರು ಏರಿ ಬಂದರೂ. ಕರುಣೆಯ ಪದದ ಕಟ್ಟು ಕೆಮ್ಮು ಎಂಬ ಡ್ರಾಯರಿನಲ್ಲಿದೆ, ಅಧ್ಯಾಯಗಳು ಶುರುವಾಗುವುದೇ ಆ ಪದವಿರುವ ಸಾಲಿನಿಂದ, ಆರು ವರ್ಷದಲ್ಲಿ ಅದನ್ನು ಅವರು ಬಿಚ್ಚಿದ್ದು ಅವಳು ಕಂಡಿಲ್ಲ, ದಾರ ಕಟ್ಟಿದ ಹಾಗೇ ಇದೆ, ಧೂಳು ಬೇರೆ. ಚಹಾ ಮುಗಿಯಿತು, ಅಕ್ಕ ಲೋಟ ಕೆಳಗಿಟ್ಟಳು, ಬೆರಳು ಮಾತ್ರ ಇನ್ನೂ ಏನನ್ನೋ ತೋರಿಸುತ್ತಿರುವಂತೆ ಹಾಗೇ ನಿಂತಿದೆ, ಅವಳು ಅದನ್ನು ಸೆರಗಿನೊಳಗೆ ತೂರಿಸಿಕೊಂಡಳು. ಗಂಡ ಹೆಂಡ್ತಿ ಒಬ್ಬರಿಗೊಬ್ಬರು ಉಡುಪು ಅಂತ ಹೇಳಿದೆ ಗ್ರಂಥ, ನೀವು ದರ್ಜಿಗಳು, ನಿಮಗೆ ನಾನು ಹೇಳಬೇಕೇ, ಎಂದು ನಿಘಂಟು ಅಪ್ಪನಿಗೆ ಬೆಣ್ಣೆ ಹಚ್ಚುತ್ತಿದ್ದಾರೆ, ಅಪ್ಪ ಕೊರಳಲ್ಲಿನ ಟೇಪು ಸರಿಮಾಡಿಕೊಂಡು ತಲೆಯಾಡಿಸುತ್ತಿದ್ದಾನೆ — ಉಡುಪು, ಕಂಕುಳಲ್ಲಿ ಕಚ್ಚುವ ಉಡುಪನ್ನು ನೀನು ಏನು ಮಾಡ್ತೀಯಪ್ಪ, ಹೊಲಿಗೆ ಬಿಚ್ಚುವುದಿಲ್ಲವೇ, ಕೇಳಬೇಕು, ಕೇಳುವುದಿಲ್ಲ, ಅವಳು ಯಾವತ್ತು ಕೇಳಿದ್ದಾಳೆ, ಅವಳ ಬಾಯಿ ಬರೀ ಊಟಕ್ಕೆ.

ಭಾವ ಗಡಿಯಾರ ರಿಪೇರಿಯವನು, ಕೂದಲಿಗಿಂತ ತೆಳುವಾದ ಸ್ಪ್ರಿಂಗನ್ನು ಚಿಮಟದಲ್ಲಿ ಎತ್ತಿ ಕೂರಿಸುತ್ತಾನೆ, ಇವತ್ತಿನವರೆಗೆ ಒಂದೂ ಮುರಿದಿಲ್ಲ, ಇಡೀ ಬೀದಿ ಅವನ ಕೈಗುಣ ಹೊಗಳುತ್ತದೆ, ಅಂಥ ಕೈ. ಸಾಹೇಬ್ರೇ ತಪ್ಪಾಯ್ತು, ಸಿಟ್ಟು ಬಂತು, ಎದುರು ಮಾತಾಡಿದ್ಲು, ಎಂದ ಹೆಚ್ಚುಕಡಿಮೆ ಹೆಮ್ಮೆಯಿಂದ, ಮುಂಗೈಯ ಗಡಿಯಾರ ನೋಡಿಕೊಂಡ, ಬಸ್ಸಿಗೆ ಐವತ್ತು ನಿಮಿಷ, ಅಲ್ಲಿಗೆ ಬಾಗಿಲು ಎಲ್ಲಿ ಹೋಯಿತು ಎಂದು ಈ ಕೋಣೆಯಲ್ಲಿ ಯಾರೂ ಕೇಳಲಿಲ್ಲ, ಅಪ್ಪನ ಕೈ ಟೇಪಿನ ಮೇಲೆ ನಿಂತಿತು, ಅಷ್ಟೇ. ನಿಘಂಟು ಕಣ್ಣು ಮುಚ್ಚಿ ವಾಕ್ಯವನ್ನು ಹೇಳಿದರು, ಸ್ವರ ಚೆನ್ನಾಗಿದೆ, ಅದೇ ದುಃಖ, ಅಜ್ಜಿ ಇದ್ದಿದ್ದರೆ ಕಣ್ಣೀರು ಹಾಕುತ್ತಿದ್ದಳು, ಹೇಳಿ ಮುಗಿಸಿ ಕಣ್ಣು ತೆರೆದು ಭಾವನಿಗೆ ಬೆರಳು ತೋರಿಸಿ, ಮೊದಲು ಬುದ್ಧಿಮಾತು, ಎರಡನೇದು ಹಾಸಿಗೆ, ಮೂರನೇದು ಮೂರನೇದೇ, ನೀನು ಮೊದಲೆರಡು ಬಿಟ್ಟು ನೇರ ಮೂರಕ್ಕೆ ಹಾರಿದೆ, ಕ್ರಮ ತಪ್ಪಿದೀಯಪ್ಪ, ನಿನ್ನ ತಪ್ಪು ಅಷ್ಟೇ, ಎಂದರು. ಕ್ರಮ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬೆರಳನ್ನು ತೆಗೆದು ಕ್ರಮವನ್ನು ಇಟ್ಟರು. ಭಾವ ತಲೆ ತಗ್ಗಿಸಿದ, ಅಮ್ಮ ಒಳಬಾಗಿಲಲ್ಲಿ ನಿಟ್ಟುಸಿರು ಬಿಟ್ಟಳು, ನಿಘಂಟು ಅವಳ ಕಡೆ ತಿರುಗಿ, ಬರಿ ಮಗಳೇ, ಎಂದರು, ಆಫೀಸಿನಲ್ಲಿ ಹೇಳುವ ಅದೇ ದನಿಯಲ್ಲಿ, ಅವಳು ಹಾಳೆ ನೇರ ಮಾಡಿದಳು, ಹೆಂಡತಿಯಾದವಳು ಗಂಡನ ಮಾತಿಗೆ ಎದುರಾಡದೆ ವಿಧೇಯಳಾಗಿ ನಡೆದುಕೊಳ್ಳತಕ್ಕದ್ದು, ಬರೆದಳು, ಕೈ ತಾನಾಗಿ ಬರೆಯಿತು, ಸುಂದರವಾಗಿ, ಥೂ, ಈ ಮುತ್ತಿನಂಥ ಅಕ್ಷರಕ್ಕೆ ಬೆಂಕಿ ಬೀಳಲಿ, ಕೊರಳಿಗೆ ಹಾಕುವ ಹಗ್ಗವನ್ನೂ ಇದು ಹೂ ಕಟ್ಟಿದ ಹಾಗೆ ಹೆಣೆಯುತ್ತದೆ, ಗಂಡನಾದವನು ಮೊದಲು ಬುದ್ಧಿ ಹೇಳತಕ್ಕದ್ದು, ಬರೆದಳು, ಎರಡನೆಯದಾಗಿ ಹಾಸಿಗೆ ಬೇರೆ ಮಾಡತಕ್ಕದ್ದು, ಬರೆದಳು, ಅದಕ್ಕೂ ಬಗ್ಗದಿದ್ದಲ್ಲಿ ಮೂರನೆಯದಾಗಿ — ಇಲ್ಲಿ ನಿಘಂಟು ನಾಜೂಕಾದರು, ಹೊಡೆಯತಕ್ಕದ್ದು ಎಂದು ತಂದೆತಾಯಿಯ ಎದುರಿಗೆ ಬಾಯಿಬಿಟ್ಟು ಹೇಳಿ ಬರೆಸಲು ನಾಚಿಕೆಯೋ, ನಾಳೆ ಯಾರಾದರೂ ಕಾಗದ ತೋರಿಸಿದರೆ ಜಾರಿಕೊಳ್ಳಲು ಉಪಾಯವೋ, ಮೂಲ ಭಾಷೆಯ ಪದವನ್ನೇ ಹೇಳಿದರು, ದರಬ, ಅದನ್ನೇ ಬರಿ, ಗ್ರಂಥದ ಪದ, ಅದಕ್ಕಿಂತ ಪವಿತ್ರ ಇಲ್ಲ.

ಪದ ಶುರುವಾಗಬೇಕು, ಪೆನ್ನು ಕಾಗದದ ಹತ್ತಿರ ಹೋಯಿತು, ಮತ್ತು ಅವಳ ಬಾಯಿ, ಆರು ವರ್ಷ ದಿನಕ್ಕೆ ಹತ್ತು ಸಲ ತೆರೆದುಕೊಂಡ ಬಾಯಿ, ಅವಳನ್ನು ಕೇಳದೆ ತೆರೆದುಕೊಂಡಿತು, ಗಟ್ಟಿಯಾಗಿ, ನಿಯಮದ ಪ್ರಕಾರ, ಒಳಗಿನ ಕೋಣೆಗೆ ಕೇಳಿಸುವಷ್ಟು — ಮೇಲಿನ ಚೀಟಿ ಯಾವುದು ಸಾಹೇಬ್ರೇ. ನಿಘಂಟುವಿನ ತುಟಿ ನಂಬರು ಹೇಳಲು ಹೊರಟು, ಅಭ್ಯಾಸ ಅವರಿಗೂ ಇದೆಯಲ್ಲ, ಅರ್ಧದಲ್ಲಿ ನಿಂತಿತು, ಮೂ ಎಂಬುದು ಮೀಸೆಯ ಕೆಳಗೆ ಸಿಕ್ಕಿಕೊಂಡಿತು, ಇದು ಆಫೀಸಲ್ಲ ಮಗಳೇ ಎಂದು ನಕ್ಕರು. ಯಾವ ಚೀಟಿ, ಎಂದ ಅಪ್ಪ. ನೆಲ ಬಾಯಿ ಬಿಡಲಿ, ಆದರೆ ಅಪ್ಪ ಕೇಳಿದ್ದಾನೆ, ಅಪ್ಪನಿಗೆ ಸುಳ್ಳು ಹೇಳುತ್ತಾ ಎರಡು ತಿಂಗಳಾಗಿದೆ, ಇನ್ನೂ ಎಷ್ಟು ಹೇಳುವುದು, ಆ ಪದಕ್ಕೆ ಹದಿನೇಳು ಇವೆಯಪ್ಪ, ಎಂದಳು ಮೇಜಿಗೆ ಹೇಳುವ ಹಾಗೆ, ಪಿನ್ನು ಮೂರಕ್ಕೆ ಹಾಕ್ತಾರೆ, ಇಲ್ಲ ಅಂದ್ರೆ ಹದಿನಾರಕ್ಕೆ, ಸಭೇಲಿ ಹದಿನಾರು ಹೇಳಿದ್ರು. ಇಷ್ಟು ಮಾತನ್ನು ಅವಳು ಒಟ್ಟಿಗೆ ಆಡಿದ್ದು ಶಾಲೆ ಬಿಟ್ಟ ಮೇಲೆ ಇದೇ ಮೊದಲಿರಬೇಕು, ಅಮ್ಮ ಸೆರಗಿನ ತುದಿ ಕಚ್ಚಿಕೊಂಡಳು. ಹದಿನೇಳ್ರಲ್ಲಿ ನಂದೂ ಒಂದಿದೆ ತಾನೆ ಸಾಹೇಬ್ರೇ, ಎಂದ ಭಾವ, ತಮಾಷೆಗೆ, ಇದೆ, ಇದೆ, ಎಂದರು ನಿಘಂಟು, ಎಷ್ಟು ಬೇಗ ಎಂದರು, ಹದಿನೇಳು ಕೋಣೆಯ ಮನೆಯಲ್ಲಿ ಈ ಹೇಡಿಗೆ ಒಂದು ಹಾಸಿಗೆ ಹಾಸಿಕೊಟ್ಟರು. ಅಪ್ಪ ಮಾತ್ರ ನಗಲಿಲ್ಲ, ಅಪ್ಪ ಗೋಡೆ ನೋಡುತ್ತಿದ್ದಾನೆ, ತಾನೇ ಕತ್ತರಿಸಿ ಚುಚ್ಚಿದ ಪೇಪರಿನ ತುಂಡನ್ನು, ಅದರಲ್ಲಿ ಕೈ ಎತ್ತಿ ಭಾಷಣ ಮಾಡುತ್ತಿರುವ ನಿಘಂಟುವನ್ನು, ಅದರ ಕೆಳಗೆ ಚಹಾ ಕುಡಿದು ಕೂತಿರುವ ನಿಘಂಟುವನ್ನು, ಬಟ್ಟೆಯ ಎರಡು ಅಂಚು ಹೊಂದುತ್ತವೆಯೇ ಎಂದು ನೋಡುವ ಹಾಗೆ. ಇಲ್ಲಿ ದೂರ ಸರೀರಿ ಅಂತ ಹಾಕಿದಾರೆ, ಎಂದ ನಿಧಾನವಾಗಿ, ನಾನು ದಿನಾ ಓದ್ತೀನಿ. ನಿಘಂಟು ಕೊರಳ ಪಟ್ಟಿ ಸಡಿಲ ಮಾಡಿಕೊಂಡರು, ನೋಡಿ, ಅದು ಸಭೆ, ಇದು ಮನೆ, ಸಭೆಗೆ ಸಭೆ ಅರ್ಥ, ಮನೆಗೆ ಮನೆ ಅರ್ಥ, ಇದೆಲ್ಲ ಸೂಕ್ಷ್ಮ, ಈ ಹುಡುಗಿಗೆ ಅರ್ಥ ಆಗಲ್ಲ, ನೀನು ಬರಿ ಮಗಳೇ, ಬಸ್ಸಿಗೆ ಹೊತ್ತಾಗತ್ತೆ. ಬರೆಯಬೇಕು, ಬರೆಯುವುದೇ ಅವಳ ಕೆಲಸ, ಪೆನ್ನಿನ ತುದಿಯಲ್ಲಿ ಶಾಯಿ ತುಂಬಿ ನಿಂತಿದೆ, ಬೀಳಲು ಸಿದ್ಧವಾಗಿ, ನಾಳೆಯಿಂದ ಆ ಮಹಡಿ ಇಲ್ಲ, ಡ್ರಾಯರುಗಳಿಲ್ಲ, ಅದು ಗೊತ್ತಾಗಿಹೋಗಿದೆ, ಕೈ ಮೇಲೇಳುತ್ತಿಲ್ಲ ಕೆಳಗಿಳಿಯುತ್ತಿಲ್ಲ — ಆಗ ಪಕ್ಕದಿಂದ ಸೆರಗಿನ ಒಳಗಿಂದ ಅಕ್ಕನ ಕೈ ಬಂತು, ಅಂಗೈ ಕೆಳಗೆ ಮಾಡಿ ಹಾಳೆಯ ಮೇಲೆ ಕೂತಿತು, ಬರೆದದ್ದರ ಮೇಲೆ, ಬರೆಯಬೇಕಾದದ್ದರ ಮೇಲೆ. ನಾಲ್ಕು ಬೆರಳು ಕಾಗದಕ್ಕೆ ಒತ್ತಿ ಮಲಗಿವೆ. ಅಪ್ಪ ಎದ್ದು ಬಂದ, ಕೊರಳ ಟೇಪು ತೆಗೆದು ಮೇಜಿನ ಮೇಲಿಟ್ಟ, ಆ ಕೈಯನ್ನು ನೋಡಿದ, ಹೊಸದಾಗಿ ತಂದ ಬಟ್ಟೆಯಲ್ಲಿ ತೂತು ಕಂಡವನ ಹಾಗೆ ಬಗ್ಗಿ ನೋಡಿದ, ಚಿಕ್ಕಂದಿನಲ್ಲಿ ಇದೇ ಮೇಜಿನ ಮೇಲೆ ಇದೇ ಬೆರಳಿಂದ ಬಟ್ಟೆ ಬಿಗಿಹಿಡಿದು ಅಕ್ಕ ಗುಂಡಿಮನೆ ಹೊಲಿಯುತ್ತಿದ್ದಳು, ಬಾಗಿಲ ಬಳಿಯಿದ್ದ ಚೀಲವನ್ನು ಎತ್ತಿ ಯಂತ್ರದ ಹಿಂದೆ ಇಟ್ಟ, ಭಾವನ ಮುಖ ನೋಡದೆ ಹೇಳಿದ, ಐದೂವರೆ ಬಸ್ಸಿಗೆ ನೀನೊಬ್ನೇ ಹೊರಡಪ್ಪ. ಭಾವ ಏನೋ ಹೇಳುತ್ತಿದ್ದಾನೆ, ನಿಘಂಟು ಏನೋ ಹೇಳುತ್ತಿದ್ದಾರೆ, ಅಮ್ಮ ಏನೋ, ಕುರ್ಚಿಯ ಕಾಲು ನೆಲಕ್ಕೆ ಕೆರೆಯುತ್ತಿದೆ, ಶಾಯಿಯ ಹನಿ ಬಿತ್ತು, ಎಲ್ಲಿ ಬಿತ್ತೋ, ಅವಳು ನೋಡುತ್ತಿರುವುದು ಹನಿಯನ್ನಲ್ಲ, ಬಿಳಿಯ ಹಾಳೆ, ಅದರ ಮೇಲೆ ಕೈ, ನಾಲ್ಕು ಬೆರಳು ಮಲಗಿವೆ, ಕಿರುಬೆರಳು ಮಲಗಿಲ್ಲ, ಕಾಗದದಿಂದ ಒಂದಿಂಚು ಮೇಲೆ, ಎರಡು ಕಡೆ ಗಂಟು, ನೆಟ್ಟಗೆ, ಕಿರುಬೆರಳು ಮಲಗಿಲ್ಲ, ಆ ಕಿರುಬೆರಳು